ಮ್ಯೂಚುಯಲ್

ಬಸ್ಸು ಜಾವಗಲ್ ತಲುಪಿದರೂ ಗುಮ್ಮ ಬೆಳೆಯಲಿಲ್ಲ.

ಅಂಗೈಯಗಲದ ಆಟದ ಪೆಟ್ಟಿಗೆಯನ್ನು ಬ್ಯಾಗಿನ ಮರೆಯಲ್ಲಿ ಹಿಡಿದು ರಾಹುಲ್ ಅರಸೀಕೆರೆಯಿಂದ ಇಲ್ಲಿಯವರೆಗೆ ಹನ್ನೊಂದು ಕಾಳಗ ಗೆದ್ದಿದ್ದ. ವಿಚಿತ್ರ ಮೃಗಗಳನ್ನು ಹಿಡಿದು, ಸಾಕಿ, ಕಾದಾಡಿಸಿ ಬೆಳೆಸುವ ಆಟ. ಮೈಸೂರಿನ ಹಾಸ್ಟೆಲಿನಲ್ಲಿ ಎಂ.ಎ. ಓದುವಾಗ ಅಂಟಿಕೊಂಡದ್ದು ಇತಿಹಾಸದ ಲೆಕ್ಚರರ್ ಆಗಿ ಆರು ವರ್ಷವಾದರೂ ಬಿಟ್ಟಿರಲಿಲ್ಲ. ಈ ವರ್ಷ ಅದರ ಹೊಸ ಭಾಗ ಬಂದಿತ್ತು. ಹೊಸ ನಾಡು, ಹೊಸ ನೂರು ಮೃಗಗಳು. ಮೈಯೆಲ್ಲ ಕಣ್ಣೇ ಆಗಿದ್ದ ಒಂದು ಬೂದು ಪ್ರಾಣಿಗೆ ಅವನು ಗುಮ್ಮ ಎಂದು ಹೆಸರಿಟ್ಟಿದ್ದ.

ಗುಮ್ಮನ ಸ್ವಭಾವವೇ ಬೇರೆ. ಎಷ್ಟು ಗೆದ್ದರೂ ಅದು ಸಾಕಿದವನ ಕೈಯಲ್ಲಿ ಬೆಳೆಯುವುದಿಲ್ಲ. ಇನ್ನೊಬ್ಬರ ಪೆಟ್ಟಿಗೆಗೆ ಅದನ್ನು ಕೊಟ್ಟು, ಬದಲಿಗೆ ಅವರದೊಂದನ್ನು ಪಡೆದರೆ ಮಾತ್ರ ರೂಪ ಬದಲಿಸುತ್ತದೆ. ಅವನಿಗೆ ಗೊತ್ತಿದ್ದಂತೆ ಈ ಸೀಮೆಯಲ್ಲಿ ಇನ್ನೊಂದು ಪೆಟ್ಟಿಗೆ ಇದ್ದದ್ದು ಹಳೇಬೀಡಿನಲ್ಲಿ, ಅಲ್ಲಿನ ಶಾಲೆಯ ಟೀಚರಾಗಿದ್ದ ಹೆಂಡತಿ ಮಂಜುಳಾಳ ಹತ್ತಿರ. ಅವನೇ ಕೊಡಿಸಿದ್ದು. ಅದನ್ನೂ ಅವಳು ಹೋದ ಭಾನುವಾರ ವಾಪಸು ಕೊಟ್ಟಿದ್ದಳು.

"ಇದೂ ನಿಮ್ಮ ಹತ್ರಾನೇ ಇರ್ಲಿ," ಎಂದಿದ್ದಳು. ಅಷ್ಟೇ. ಅದನ್ನು ತೆರೆಯಲು ಅವನಿಗೆ ಇನ್ನೂ ಮನಸ್ಸಾಗಿರಲಿಲ್ಲ.

"ರಾಹುಲ್ ಸರ್."

ಕಿಟಕಿಯ ಹೊರಗೆ ಕಮಲಾಕ್ಷಮ್ಮ ನಿಂತಿದ್ದರು. ಹಾರನಹಳ್ಳಿ ಶಾಲೆಯ ಟೀಚರ್, ಮನೆ ಮಾತ್ರ ಜಾವಗಲ್ಲಿನಲ್ಲಿ. ಹಳೇಬೀಡು ಸಿಕ್ಕರೆ ಅವರಿಗೆ ಹತ್ತಿರ. ಹಾರನಹಳ್ಳಿ ಸಿಕ್ಕರೆ ಮಂಜುಳಾಗೆ ಅರಸೀಕೆರೆಯ ಮನೆ ಹತ್ತಿರ. ಇಬ್ಬರು ಮೇಷ್ಟ್ರುಗಳು ಒಪ್ಪಿ ಜಾಗ ಅದಲುಬದಲು ಮಾಡಿಕೊಳ್ಳುವ ಇದಕ್ಕೆ ಮ್ಯೂಚುಯಲ್ ಎಂದು ಹೆಸರು. ಮಗಳಿಗೆ ಗಂಡು ಸಿಕ್ಕಿತೇ ಎಂದು ಕೇಳುವ ಧಾಟಿಯಲ್ಲೇ ಸ್ಟಾಫ್ ರೂಮುಗಳಲ್ಲಿ ಮ್ಯೂಚುಯಲ್ ಸಿಕ್ಕಿತೇ ಎಂದು ಕೇಳುತ್ತಾರೆ.

"ಮೂರೂ ಕಾಪಿಗೆ ನನ್ ಸೈನ್ ಆಗಿದೆ ಸರ್," ಎಂದು ಅವರು ಕಂದು ಕವರನ್ನು ಕಿಟಕಿಯಲ್ಲಿ ತೂರಿಸಿದರು. "ಮಂಜುಳಾ ಮೇಡಂ ಸೈನ್ ಹಾಕಿ ಐದರೊಳಗೆ ಬೇಲೂರು ಆಫೀಸಿಗೆ ಮುಟ್ಟಿಸಬೇಕು. ಇವತ್ತೇ ಕಡೇ ದಿನ."

"ಗೊತ್ತು ಮೇಡಂ."

"ಗಂಡ ಹೆಂಡ್ತಿ ಒಂದು ಕಡೆ ಆಗಿ ಸರ್. ಮೂರು ವರ್ಷದಿಂದ ಬಸ್ಸಲ್ಲೇ ಸಂಸಾರ ಮಾಡ್ತಿದೀರಿ."

ಅವನು ನಕ್ಕ. ನಗಬೇಕಾದ ಜಾಗ ಅದು. ಬಸ್ಸು ಹೊರಟ ಮೇಲೆ ನೋಡಿದರೆ ಕವರಿನ ಮೇಲೆ ಅವನ ಬೆರಳುಗಳ ಬೆವರು ಅಂಟಿತ್ತು.

ಅವನಿಗೆ ಭಯವಾಗಿತ್ತು. ಮಂಜುಳಾ ಒಳ್ಳೆಯವಳು, ಅದೇ ತೊಂದರೆ, ದೂರಲು ಏನೂ ಇರಲಿಲ್ಲ. ಊರು ಬೇರೆಯಾಗಿದ್ದಾಗ ಮಾತಾಡಲು ಬಸ್ಸಿನ ಟೈಮು, ಫೋನಿನ ಸಿಗ್ನಲ್ಲು, ಮರೆತುಹೋದ ಛತ್ರಿ ಇರುತ್ತಿದ್ದವು. ಭಾನುವಾರ ಮಧ್ಯಾಹ್ನದ ಊಟವಾಗುವಷ್ಟರಲ್ಲಿ ಅವೆಲ್ಲ ಮುಗಿದು ಇಬ್ಬರೂ ಫ್ಯಾನು ನೋಡುತ್ತ ಕೂರುತ್ತಿದ್ದರು. ಅವಳು ಬಂದುಬಿಟ್ಟರೆ ದಿನವೂ ಭಾನುವಾರ.

"ನಾನು ಬರೋದು ನಿಮಗೆ ಬೇಕಾ?" ಎಂದು ಅವಳು ಕೇಳಿದ್ದಳು, ಮ್ಯೂಚುಯಲ್ ಸಿಕ್ಕ ದಿನ.

"ನಿನಗೆ ಹೇಗೆ ಅನುಕೂಲವೋ ಹಾಗೆ."

"ನಾನು ಅನುಕೂಲ ಕೇಳ್ಲಿಲ್ಲ."

ಫಾರಂ ತಂದುಕೊಟ್ಟರೆ ಅದೇ ಉತ್ತರ ಅಂದುಕೊಳ್ಳುತ್ತೇನೆ ಎಂದು ಅವಳೇ ದಾರಿ ಮಾಡಿಕೊಟ್ಟಿದ್ದಳು. ಬಾಯಿಬಿಡದೆ ಬದುಕುವವರಿಗೆ ಇಷ್ಟು ಉಪಕಾರ ಯಾರೂ ಮಾಡುವುದಿಲ್ಲ.

ಹಳೇಬೀಡಿನಲ್ಲಿ ಇಳಿದಾಗ ಒಂದೂವರೆ. ಎರಡೂವರೆಗೆ ಪರ್ಮಿಷನ್ ಹಾಕಿ ಶಾಲೆಯ ಗೇಟಿನಲ್ಲಿ ಇರುತ್ತೇನೆ ಎಂದಿದ್ದಳು. ಇನ್ನೂ ಒಂದು ಗಂಟೆ ಇದೆಯಲ್ಲ ಎಂದುಕೊಂಡು ಶಾಲೆಯ ದಾರಿ ಬಿಟ್ಟು ಬಸ್ತಿಹಳ್ಳಿಯ ಕಡೆ ನಡೆದ. ಹಳೇ ಬಸದಿಯೊಳಗೆ ತಂಪು ಇರುತ್ತದೆ. ಒಂದು ಕಾಳಗ ಆಡಿ ಹೋದರಾಯಿತು.

ಬಸದಿ ತೋರಿಸುವ ಹುಚ್ಚಣ್ಣ ಬಾಗಿಲಲ್ಲೇ ಹಿಡಿದುಕೊಂಡ. "ಬನ್ನಿ ಸಾರ್, ಈ ಕಂಬದ ಮುಂದೆ ನಿಂತ್ಕಳಿ. ಕೈ ಎತ್ತಿ. ಎಷ್ಟು ಕೈ ಐತೆ?"

ಕನ್ನಡಿಯಂತೆ ನುಣುಪಾದ ಕರಿಯ ಕಂಬದಲ್ಲಿ ಅವನು ಸಣಕಲಾಗಿ, ನಾಲ್ಕು ಕೈಯವನಾಗಿ ಕಂಡ. ಮುಖ ಮಾತ್ರ ಎಲ್ಲೋ ಅಂಚಿಗೆ ಹರಿದುಹೋಗಿತ್ತು.

"ನಾಲ್ಕು."

"ಒಬ್ರೇ ನಿಂತ್ರೆ ಹಿಂಗೆ. ಇಬ್ರು ನಿಂತ್ರೆ ಕಲಸ್ಕಂಡೋಯ್ತದೆ. ಒಬ್ರೇ ಬಂದಿದ್ದೀರಾ?"

"ಹೂಂ."

"ಹಂಗಾದ್ರೆ ಕೂತ್ಕಳಿ. ನಾನು ಊಟ ಮಾಡ್ಕಂಡು ಬತ್ತೀನಿ."

ರಾಹುಲ್ ಅದೇ ಕಂಬದ ಎದುರು ಕೂತ. ಬ್ಯಾಗು ತೆರೆದರೆ ಮಂಜುಳಾ ಹಿಂತಿರುಗಿಸಿದ ಪೆಟ್ಟಿಗೆ ಕವರಿನ ಪಕ್ಕದಲ್ಲೇ ಇತ್ತು. ಒಂದು ಕಾಳಗ ಎರಡಾಯಿತು, ಎರಡು ಐದಾಯಿತು. ಗುಮ್ಮ ಎಲ್ಲದರಲ್ಲೂ ಗೆದ್ದು, ಹಾಗೆಯೇ ಉಳಿಯಿತು.

ಎರಡು ಮುಕ್ಕಾಲಿಗೆ ಫೋನು ಬಂತು.

"ಎಲ್ಲಿದ್ದೀರಿ?"

"ಬಸ್ಸಲ್ಲಿ."

"ಎಲ್ಲಿದೆ ಬಸ್ಸು?"

"ಇಲ್ಲೇ, ಹತ್ರ."

ಅವಳ ಹಿಂದೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದವು. "ಕಮಲಾಕ್ಷಮ್ಮ ಫೋನ್ ಮಾಡಿದ್ರು. ಒಂದು ಗಂಟೆಗೇ ಬಸ್ಸು ಜಾವಗಲ್ ಬಿಡ್ತು ಅಂದ್ರು."

ಅವನು ಕಂಬವನ್ನು ನೋಡಿದ.

"ಮೂರೂ ಮುಕ್ಕಾಲಿಗೆ ಬೇಲೂರು ಬಸ್ಸಿದೆ," ಎಂದಳು. "ಅದು ಹೋದ್ರೆ ಹೋಯ್ತು. ನಾನು ಇನ್ನು ಕೇಳಲ್ಲ, ರೀ."

"ಬರ್ತಿದೀನಿ."

ಎದ್ದು ಹೊರಡಬೇಕಿತ್ತು. ಶಾಲೆಗೆ ಹದಿನೈದು ನಿಮಿಷದ ನಡಿಗೆ. ನಾಳೆ ಎಂದವನ ಮನೆ ಹಾಳು ಎಂದು ಅವ್ವ ಹೇಳುತ್ತಿದ್ದಳು. ಅವನು ನಾಳೆ ಎನ್ನುತ್ತಿರಲಿಲ್ಲ, ಐದು ನಿಮಿಷ ಎನ್ನುತ್ತಿದ್ದ. ಐದೈದು ನಿಮಿಷ ಸೇರಿಯೇ ಮೂರು ವರ್ಷ ಆದದ್ದು. ಐದು ನಿಮಿಷವೆಂದು ಮತ್ತೆ ಕಾಳಗಕ್ಕಿಳಿದು ತಲೆಯೆತ್ತುವಷ್ಟರಲ್ಲಿ ಮೂರೂ ಇಪ್ಪತ್ತೈದಾಗಿತ್ತು. ಹೋಗುವುದರೊಳಗೆ ಗುಮ್ಮನ ಅದಲುಬದಲೊಂದು ಮುಗಿಸಿಬಿಡೋಣ ಎನಿಸಿತು. ಯಾಕೆ ಹಾಗೆನಿಸಿತೆಂದು ಯಾರಾದರೂ ಕೇಳಿದ್ದರೆ ಅವನಿಗೆ ಅಳು ಬರುತ್ತಿತ್ತು.

ಎಡಗೈಯಲ್ಲಿ ತನ್ನದು, ಬಲಗೈಯಲ್ಲಿ ಅವಳದು. ಎರಡು ಪೆಟ್ಟಿಗೆಗಳೂ ಒಂದನ್ನೊಂದು ಹುಡುಕಿಕೊಂಡವು. ಬದಲಿಗೆ ಯಾವುದನ್ನು ಕೊಡುತ್ತೀರಿ ಎಂದು ಬಲಗೈಯದು ಕೇಳಿತು. ಅದರಲ್ಲಿದ್ದದ್ದು ಒಂದೇ ಮೃಗ. ಅವಳು ಆಡಿದ್ದು ಒಂದೇ ಸಂಜೆ, ಹಿಡಿದದ್ದು ಒಂದೇ ಗುಬ್ಬಿಯಷ್ಟು ಹಕ್ಕಿ.

"ಹೆಸರು ಕೇಳ್ತಿದೆ. ಏನು ಹಾಕ್ಲಿ?" ಎಂದಿದ್ದಳು ಆವತ್ತು.

"ನಿನಗೆ ತೋಚಿದ್ದು ಹಾಕು."

ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ. ಅವಳು ಒಂದೊಂದೇ ಗುಂಡಿ ಒತ್ತಿ ಬಿ, ಎ, ಎ ಎಂದು ಬರೆದು ಅವನ ಮುಖ ನೋಡಿದ್ದಳು. ಇಂಗ್ಲಿಷ್ ಪದ್ಯಗಳಲ್ಲಿ ಕುರಿಗಳು ಹಾಗೆ ಅರಚುತ್ತವೆ. ಹಕ್ಕಿಗೆ ಕುರಿಯ ಕೂಗನ್ನು ಹೆಸರಿಟ್ಟಳಲ್ಲ ಎಂದು ಅವನು ಜೋರಾಗಿ ನಕ್ಕಿದ್ದ. ಅವಳೂ ತಡೆದು ನಕ್ಕಿದ್ದಳು. ಆಮೇಲೆ ಆ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ.

ಎರಡೂ ಕಡೆಯವರು ಒಪ್ಪಿದ್ದೀರಾ ಎಂದು ಕೇಳಿತು. ಎಡ ಹೆಬ್ಬೆರಳು ಹೌದು ಎಂದಿತು, ಬಲ ಹೆಬ್ಬೆರಳೂ ಹೌದು ಎಂದಿತು. ಇಷ್ಟು ಸಲೀಸಾಗಿ ಮ್ಯೂಚುಯಲ್ ಆದದ್ದು ಜಿಲ್ಲೆಯಲ್ಲೇ ಇದು ಮೊದಲಿರಬೇಕು. ಮುಗಿಯುವವರೆಗೆ ಪೆಟ್ಟಿಗೆ ಮುಚ್ಚಬೇಡಿ ಎಂಬ ಎಚ್ಚರಿಕೆ ಮೂಡಿತು.

ಗುಮ್ಮ ಎಡಗೈಯಿಂದ ಮೇಲೆದ್ದು, ಚುಕ್ಕೆಯಾಗಿ, ಕಾಣದಾಯಿತು.

ಜೇಬಿನಲ್ಲಿ ಫೋನು ಅದುರತೊಡಗಿತು. ಮೂರೂ ಮೂವತ್ತೈದು ಇರಬೇಕು. ಕೈ ಬಿಟ್ಟರೆ ಅರ್ಧಕ್ಕೆ ನಿಂತೀತು ಎಂದು ಅವನು ಎತ್ತಲಿಲ್ಲ. ಅಷ್ಟರಲ್ಲಿ ಬಲಗೈಯ ಪೆಟ್ಟಿಗೆಯ ಕೆಂಪು ದೀಪ ಮಿನುಗಿತು. ವಾರದಿಂದ ಯಾರೂ ಚಾರ್ಜಿಗೆ ಹಾಕಿರಲಿಲ್ಲ. ಎರಡು ಸಲ ಮಿನುಗಿ ತೆರೆ ಕಪ್ಪಾಯಿತು.

ಎಡಗೈಯದು ಮಾತ್ರ ಬೆಳಗುತ್ತಲೇ ಇತ್ತು. ಗುಮ್ಮ ಅದರಲ್ಲಿ ಇರಲಿಲ್ಲ, ಇದರಲ್ಲೂ ಇರಲಿಲ್ಲ. ಖಾಲಿ ತೆರೆಯ ನಡುವೆ ಬರಬೇಕಾದ ಹಕ್ಕಿಯ ಹೆಸರೊಂದೇ ನಿಂತು ಕಾಯುತ್ತಿತ್ತು. ಬಿ, ಎ, ಎ. ಅವನು ಅದನ್ನು ಓದಿದ. ಇನ್ನೊಮ್ಮೆ ಓದಿದ. ತುಟಿ ತಾನಾಗಿ ತೆರೆದು ಕನ್ನಡದಲ್ಲಿ ಓದಿತು.

ಬಾ.

ದೂರದಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಬಂದ ಬಸ್ಸೋ, ಹೊರಟ ಬಸ್ಸೋ. ಏಳಬೇಕೆಂದು ತಲೆಯೆತ್ತಿದ. ಕಂಬದೊಳಗಿನವನೂ ತಲೆಯೆತ್ತಿದ. ಅವನಿಗೆ ನಾಲ್ಕು ಕೈಗಳಿದ್ದವು, ನಾಲ್ಕರಲ್ಲೂ ಒಂದೊಂದು ಪೆಟ್ಟಿಗೆ ಇತ್ತು. ಜೇಬಿನಲ್ಲಿ ಫೋನು ಅದುರುತ್ತಲೇ ಇತ್ತು.