ಮುಚ್ಚಳಿಕೆ ಡಾಕ್ಟರು

೧. ಎಲ್ಲಿಂದ ಶುರು ಮಾಡಲಿ? ಆಗ ಕಳಿಸಿದ ವಾಯ್ಸ್ ನೋಟಿನಲ್ಲಿ ‘ಎಪ್ಪತ್ನಾಲ್ಕನೇ ಇಸವಿ’ ಅಂದೆನೋ ಇಲ್ಲವೋ, ‘ಅಜ್ಜನಿಗೆ ಮರೆವು’ ಎಂದು ಮೊಮ್ಮಕ್ಕಳು ಮೂವರೂ ನಗುವ ಮುಖ ಕಳಿಸಿದಿರಿ. ನಿನ್ನೆ ಉಂಡದ್ದು ನೆನಪಿಲ್ಲದವರು ನನಗೆ ಪರೀಕ್ಷೆ ಇಡುತ್ತೀರಾ? ಸುಮ್ಮನೆ ಕೇಳಿ.

೨. ಚಿಂಚೋಳಿಯಾಚೆ ಒಂದು ಹಳ್ಳಿ. ಗುಂಡಮ್ಮನ ಮಗಳು ಚಂದಮ್ಮನಿಗೆ ಎರಡು ದಿನದಿಂದ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿದ್ದಳು. ಆ ಸೀಮೆಗೆಲ್ಲ ಒಬ್ಬನೇ ಡಾಕ್ಟರು ದೇವೀಂದ್ರಪ್ಪ, ಭಂಕೂರದ ಕಲ್ಲುಗಣಿ ಕೂಲಿಯವರ ಮಗ. ಬೆಳಗ್ಗೆಯೇ ಬಂದು ಅಂಗಳದಲ್ಲಿ ನಿಂತಿದ್ದ. ಗುಂಡಮ್ಮ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ಇಷ್ಟು ಓದಿದವನು ಇಂಥ ಊರಿಗೆ ತಾನಾಗಿ ಬರುತ್ತಾನೆಯೇ ಎಂದು ಅವಳ ಅನುಮಾನ.

“ಇಲ್ಲಿಗಿ ಯಾಕ ಬಂದಿ ತಮ್ಮಾ?”

“ಸರ್ಕಾರ ರೊಕ್ಕ ಕೊಟ್ಟು ಓದಿಸ್ಯಾದ ಯವ್ವಾ. ಐದು ವರ್ಷ ಹಳ್ಳ್ಯಾಗ ಇರ್ತೀನಂತ ಮುಚ್ಚಳಿಕೆ ಬರಕೊಟ್ಟೀನಿ.”

“ಮುಚ್ಚಳಿಕೆ! ನಮ್ಮ ತಮ್ಮ ಹಣಮಪ್ಪನೂ ಠಾಣ್ಯಾಗ ಬರಕೊಟ್ಟಾನ, ಗೌಡನ ತಲಿ ಒಡದಿದ್ದಕ್ಕ. ನೀ ಯಾರ ತಲಿ ಒಡದಿ?”

೩. (ಈ ನೋಟು ಡಿಲೀಟ್. ಇದರಲ್ಲಿ ಡಾಕ್ಟರಿಗೆ ಸಿಟ್ಟು ಬರಿಸಿ ವಾಪಸ್ ಕಳಿಸಿಬಿಟ್ಟಿದ್ದೆ. ಒಳಗೆ ಚಂದಮ್ಮ ಕೂಗುತ್ತಿದ್ದಳು; ನನಗೇ ತಡೆಯಲಾಗಲಿಲ್ಲ.)

೪. “ಬೈಯೋದು ಆಮ್ಯಾಲ ಬೈರಿ. ಒಳಗ ಬಿಡ್ರಿ,” ಅಂದ ಡಾಕ್ಟರು.

“ನನಗೂ ಬರಕೊಡು. ಮಗಳು ಎದ್ದು ಕುಂದ್ರೋತನಕ ಈ ಮನಿ ಬಿಡಂಗಿಲ್ಲಂತ.”

ಔಷಧದ ಚೀಟಿಯ ಹಿಂದೆ ಬರೆದ. ಸಹಿಗೆ ಪೆನ್ನು ಊರಿದ.

“ಸಹಿ ಬ್ಯಾಡ. ಓದಿದವರು ದಿನಕ್ಕೊಂದು ನಮೂನಿ ಸಹಿ ಮಾಡ್ತಾರ. ಹೆಬ್ಬಟ್ಟು ಒತ್ತು.”

ಎಂ.ಬಿ.ಬಿ.ಎಸ್. ಪಾಸಾದವನು, ಗಾಯಕ್ಕೆ ಹಚ್ಚುವ ನೇರಳೆ ಔಷಧದಲ್ಲಿ ಹೆಬ್ಬೆರಳು ಅದ್ದಿ ಒತ್ತಿದ. ಗುಂಡಮ್ಮ ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ದಾರಿ ಬಿಟ್ಟಳು. ಅವನು ಸಾಬೂನು ಕೇಳಿ, ಕೈ ತೊಳೆದು ಒಳಗೆ ಹೋದ.

೫. ಮಧ್ಯಾಹ್ನ ಕೂಸು ಅತ್ತಿತು. ಚಂದಮ್ಮ ಮಾತ್ರ ಕಣ್ಣು ತೆರೆಯಲಿಲ್ಲ. ಡಾಕ್ಟರು ನಾಡಿ ಹಿಡಿದು ಕೂತ.

ಮುಕ್ತಾಯ ಒಂದು: ಅವಳು ಎದ್ದು ನೀರು ಕೇಳುತ್ತಾಳೆ.
ಮುಕ್ತಾಯ ಎರಡು: (ನನ್ನ ಬಾಯಲ್ಲಿ ಬರುವುದಿಲ್ಲ.)

ಮೊದಲನೆಯದೇ ಇರಲಿ ಎಂದು ಗಂಟಲು ಸರಿಮಾಡಿಕೊಂಡೆ. ಗುಂಡಮ್ಮ ಕಥೆಯೊಳಗಿಂದಲೇ ನನ್ನ ಮೇಲೆ ಹರಿಹಾಯ್ದಳು.

“ಏ ಮುದಕಾ, ಮುಗಸಬ್ಯಾಡ! ಕಥಿ ಮುಗೀತಂದ್ರ ಅಂವ ಚೀಲ ಎತ್ತಿಕೊಂಡು ಹೋಗ್ತಾನ.”

“ಆಕಿ ಎದ್ದು ಕುಂತ ಮ್ಯಾಲ ಹೋಗ್ಲಿ ಬಿಡಬೇ,” ಅಂದೆ.

“ನಾಳಿಗಿ ಕೂಸಿಗಿ ಜ್ವರ ಬಂದ್ರ? ನೀ ಬರ್ತಿಯೇನು, ಫೋನ್ ಹಿಡಕೊಂಡು?”

ನಾನು ಮಾತಾಡುತ್ತಿರುವಷ್ಟು ಹೊತ್ತು ಅವನು ಅಲ್ಲಿಂದ ಏಳುವಂತಿಲ್ಲ. ನನಗೋ ಗಂಟಲು ಒಣಗುತ್ತಿದೆ. ಚಂದಮ್ಮ ಇನ್ನೂ ಕಣ್ಣು ತೆರೆದಿಲ್ಲ. ನನ್ನ ಮಾತು ನಿಲ್ಲುವ ಮೊದಲು, ಈಗಲೇ, ಇದನ್ನು ಇನ್ನೊಬ್ಬರಿಗೆ ದಾಟಿಸಿ; ಅವರು ಕಥೆ ಮುಂದುವರಿಸಲಿ.