ಅಜ್ಜಿ ಮೊದಲೋ, ಮಗು ಮೊದಲೋ

ಪಿಎಚ್.ಡಿ. ಮುಗಿಸಿ ಜನಸಂಖ್ಯಾ ಅಧ್ಯಯನ ಕೇಂದ್ರಕ್ಕೆ ಫೆಲೋ ಆಗಿ ಬಂದವರಿಗೆ ಅಲ್ಲೊಂದು ವಿಚಿತ್ರ ಕಟ್ಟಳೆ ಕಾದಿರುತ್ತಿತ್ತು. ಬುಧವಾರದ ಗೋಷ್ಠಿಯಲ್ಲಿ ಬರೆದವರು ತಮ್ಮ ಪ್ರಬಂಧವನ್ನು ತಾವೇ ಮಂಡಿಸುವಂತಿಲ್ಲ, ತುಟಿಪಿಟಕ್ಕೆನ್ನದೆ ಕೂರಬೇಕು. ಆ ಪ್ರಬಂಧ ಯಾರಿಗೆ ಸರಿಬೀಳದೋ ಅವರೇ ಎದ್ದು, ಅದು ತಮ್ಮದೇ ಎಂಬಂತೆ ವಾದಿಸಬೇಕು. ಕಟ್ಟಳೆ ಮಾಡಿದವರು ಹಿರಿಯ ಪ್ರಾಧ್ಯಾಪಕಿ. ಬೆನ್ನ ಹಿಂದೆ ಎಲ್ಲರೂ ಅವರನ್ನು ದೊಡ್ಡತ್ತೆ ಅನ್ನುತ್ತಿದ್ದರು. ಮುಖದ ಮುಂದೆ ಅನ್ನುವ ಗಂಡೆದೆ ಯಾರಿಗೂ ಇರಲಿಲ್ಲ.

ಆ ಬುಧವಾರ ಹೊಸ ಫೆಲೋ ಒಬ್ಬಳ ಸರದಿ. ಎರಡನೆಯ ವರ್ಷಕ್ಕೆ ಅವಳ ಫೆಲೋಶಿಪ್ ಮುಂದುವರಿಯುವುದೋ ಇಲ್ಲವೋ ಅಂದಿನ ಗೋಷ್ಠಿಯ ಮೇಲೆ ನಿಂತಿತ್ತು. ಅವಳ ಪ್ರಬಂಧವೋ, ದೊಡ್ಡತ್ತೆಗೆ ಹೆಸರು ತಂದ ಹಳೆಯ ಅಧ್ಯಯನದ ಬುಡಕ್ಕೇ ಕೊಡಲಿ ಇಟ್ಟಿತ್ತು. ಅಜ್ಜಿ ಇರುವ ಮನೆಯಲ್ಲಿ ಮಕ್ಕಳು ಹೆಚ್ಚು, ಸಾಕುವ ಕೈ ಇದ್ದರೆ ಹೆರುವ ಧೈರ್ಯ ಬರುತ್ತದೆ ಎಂದು ಅವರು ಬರೆದಿದ್ದರು. ಅಂಥ ಮನೆಗಳನ್ನೇ ವರ್ಷವರ್ಷವೂ ಹಿಂಬಾಲಿಸಿದ ಮಾಹಿತಿ ಹಿಡಿದು ಇವಳು ನೋಡಿದರೆ ಕಥೆ ತಲೆಕೆಳಗು: ಬಹುಪಾಲು ಕಡೆ ಮಗು ಮೊದಲು ಹುಟ್ಟಿತ್ತು, ಅಜ್ಜಿ ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದಳು.

ಇವಳ ಮನೆಯಲ್ಲೂ ಹಾಗೇ. ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡ ಅಮ್ಮ ಬಾಗಿಲಲ್ಲಿ ನಿಂತು, "ಅಲ್ವೇ, ಅವರ ತಪ್ಪು ಹುಡುಕೋಕೆ ಅವರೇ ಸಂಬಳ ಕೊಡ್ಬೇಕಾ? ಚೆನ್ನಾಗಿದೆ ನಿನ್ ಓದು!" ಅಂದಳು.

"ಅಮ್ಮಾ, ನೀನೊಬ್ಳು ಸುಮ್ನಿರು."

"ಇರ್ತೀನಮ್ಮಾ. ಸೂಟ್‌ಕೇಸು ಮಂಚದ ಕೆಳಗೇ ಇದೆ. ನಿನ್ ಕೆಲಸ ಹೋದ್ರೆ ನಾನೂ ಹೊರಟೆ."

ಗೋಷ್ಠಿಯ ಕೋಣೆಯಲ್ಲಿ ಕುರ್ಚಿ ಸಾಲದೆ ಕೆಲವರು ಕಿಟಕಿಕಟ್ಟೆ ಹತ್ತಿದ್ದರು. ಎಲ್ಲದಕ್ಕೂ ತಕರಾರು ತೆಗೆಯುವ, 'ಕೊಕ್ಕೆ' ಎಂದೇ ಹೆಸರಾದ ಸಹಫೆಲೋ ಪಿಸುಗುಟ್ಟಿದ: "ಇವತ್ತು ನಿನ್ ವಕೀಲರು ಯಾರಮ್ಮಾ?"

ದೊಡ್ಡತ್ತೆ ಸೀಮೆಸುಣ್ಣ ಕೈಗೆತ್ತಿಕೊಂಡರು. "ಈ ಪ್ರಬಂಧ ಓದಿ ನನಗಿಂತ ಹೆಚ್ಚು ಯಾರಿಗೆ ಉರೀಬೇಕು? ನಾನೇ ಮಂಡಿಸ್ತೀನಿ."

ಮಂಡಿಸಿದರು ನೋಡಿ! ಮಗುವಿಗೊಂದು ಚುಕ್ಕೆ, ಅಜ್ಜಿಗೊಂದು ಗೀಟು; ತನ್ನದೇ ವಾದ ಇಷ್ಟು ಗಟ್ಟಿಯೇ ಎಂದು ಇವಳಿಗೇ ಬೆರಗು.

ಕೊಕ್ಕೆ ಎದ್ದ. "ಮೇಡಂ, ಮೊದಲನೇ ಮಗೂಗೆ ಅಂತ ಬಂದ ಅಜ್ಜಿ ಅಲ್ಲೇ ಉಳಿದು, ಎರಡನೇದಕ್ಕೆ ಧೈರ್ಯ ಕೊಟ್ಟಿರಬಹುದಲ್ಲ? ಆಗ ನಿಮ್ ಹಳೇ ಮಾತೇ ಸರಿ."

ಮುಳುಗುವವರಿಗೆ ಹಗ್ಗ ಎಸೆದಿದ್ದ ಪುಣ್ಯಾತ್ಮ. ಉತ್ತರ ಇವಳ ನಾಲಿಗೆಯ ತುದಿಯಲ್ಲಿತ್ತು, ಬಾಯಿ ಬಿಡುವಂತಿಲ್ಲ. ದೊಡ್ಡತ್ತೆ ಹಗ್ಗ ಹಿಡಿದುಬಿಟ್ಟರೆ?

"ಕೊನೇ ಪುಟ ಓದಿಲ್ಲ ನೀನು," ಎಂದರು ಅವರು. "ಅಜ್ಜಿ ವಾಪಸ್ ಹೋದ ಮನೆಗಳನ್ನೂ ಈ ಹುಡುಗಿ ನೋಡಿದಾಳೆ. ಅಜ್ಜಿ ಉಳಿದ ಮನೆಗಳಲ್ಲಿ ಹುಟ್ಟಿದಷ್ಟೇ ಎರಡನೇ ಮಕ್ಕಳು ಅಲ್ಲೂ ಹುಟ್ಟಿದಾವೆ. ಆಗ ನಾನು ಸಮೀಕ್ಷೆಗೆ ಹೋದ ದಿನ ಮನೇಲಿ ಯಾರಿದ್ರು ಅಂತ ಎಣಿಸ್ದೆ ಕಣಪ್ಪಾ. ಯಾರು ಯಾವಾಗ ಬಂದ್ರು ಅಂತ ಕೇಳ್ಲೇ ಇಲ್ಲ."

ಆಮೇಲೆ ಇವಳ ಕಡೆ ತಿರುಗಿದರು. "ಮುಂದಿನ ವರ್ಷ ಆ ಅಜ್ಜಿಯಂದಿರನ್ನೇ ಹೋಗಿ ಕೇಳ್ಬೇಕು. ನನ್ನೂ ಕರ್ಕೊಂಡು ಹೋಗ್ತೀಯಾ?"

ಇವಳು ಹೂಂ ಎಂದು ತಲೆಯಾಡಿಸಿದಳು. ಮೊಗಸಾಲೆಗೆ ಬಂದವಳೇ ಮನೆಗೆ ಫೋನು ಹಚ್ಚಿದಳು.

"ಅಮ್ಮಾ, ಸೂಟ್‌ಕೇಸು ಅಟ್ಟಕ್ಕೆ ಹಾಕು."

"ಮಗು ಎತ್ಕೊಂಡು ಅಟ್ಟ ಯಾರೇ ಹತ್ತೋದು? ನೀನೇ ಬಂದು ಹಾಕು!"