ಫ್ಲೆಕ್ಸ್ ಮೇಲಿನ ಹಸಿರು ನರಗಳು

ಅಥಣಿ ರಸ್ತೆಯ ಹಳೆಯ ಗೊಬ್ಬರದ ಗೋದಾಮಿನ ಮುಂದೆ ಕಾರು ನಿಲ್ಲಿಸಿದಾಗ ರೂಪಾಲಿಗೆ ಮೊದಲು ಕಂಡದ್ದು ಬಾಗಿಲ ಮೇಲೆ ಕಟ್ಟಿದ್ದ ದೊಡ್ಡ ಫ್ಲೆಕ್ಸ್. ಕಪ್ಪು ಹಿನ್ನೆಲೆಯ ಮೇಲೆ ಹಸಿರು ಎಳೆಗಳು ಬೇರಿನ ಹಾಗೆ ಕವಲೊಡೆದು ಹರಡಿದ್ದವು. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ‘ನಮ್ಮ ಚಿಕಿತ್ಸೆಯಿಂದ ಚಿಗುರಿದ ನರಗಳು.’

ಆ ಚಿತ್ರ ತೆಗೆದವಳು ಅವಳೇ.

ರೂಪಾಲಿ ಕಾಗವಾಡದ ದ್ರಾಕ್ಷಿ ಬೆಳೆಗಾರ ಬಾಬಾಸಾಹೇಬರ ಮಗಳು. ಪುಣೆಯ ಸಂಸ್ಥೆಯೊಂದರಲ್ಲಿ ಚಾಲಕ ನರಕೋಶಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕೈ ಎತ್ತು, ನುಂಗು, ಉಸಿರೆಳೆದುಕೋ ಎಂಬ ಮೆದುಳಿನ ಅಪ್ಪಣೆಯನ್ನು ಸ್ನಾಯುಗಳಿಗೆ ಮುಟ್ಟಿಸುವ ಕೋಶಗಳು ಅವು. ಕೆಲವರಲ್ಲಿ ಅವು ಸಾಯುತ್ತ ಹೋಗುತ್ತವೆ. ಬುದ್ಧಿ ನೆಟ್ಟಗಿರುವಾಗಲೇ ಮೈ ಕೈಬಿಡುತ್ತದೆ. ಮುಗಳಖೋಡದ ಕುರಿಗಾರ ಮಲಕಾರಿಯ ಅಪ್ಪ, ಅಣ್ಣ ಇಬ್ಬರೂ ಹಾಗೇ ಹೋಗಿದ್ದರು. ಎರಡು ವರ್ಷದ ಹಿಂದೆ ಉಣ್ಣೆ ಕತ್ತರಿಸುವಾಗ ಮಲಕಾರಿಯ ಕೈಯಿಂದಲೂ ಕತ್ತರಿ ಜಾರತೊಡಗಿತು. ರೂಪಾಲಿ ಅವನ ಒಪ್ಪಿಗೆ ಕೇಳಿ ರಕ್ತ ಒಯ್ದಳು. ಅದರೊಳಗಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ನರಕೋಶಗಳಾಗಿ ಬೆಳೆಸಿದಳು. ಮೊದಮೊದಲು ಅವು ಚೆನ್ನಾಗಿಯೇ ಕವಲೊಡೆದವು. ಹಸಿರು ಚಿತ್ರ ಆಗಿನದು. ಕೆಲವು ವಾರಗಳಲ್ಲೇ ಎಳೆಗಳು ತುದಿಯಿಂದ ತುಂಡಾಗಿ, ಕೋಶಗಳು ಮುರುಟಿ ಸತ್ತವು. ಸತ್ತ ಕೋಶಗಳ ಚಿತ್ರಗಳೂ ಇದ್ದವು. ಆದರೆ ಸಂಸ್ಥೆಯವರು ಪತ್ರಿಕೆಗೆ ಕೊಟ್ಟದ್ದು ಹಸಿರು ಚಿತ್ರ ಮಾತ್ರ, ‘ನರರೋಗಿಗಳಿಗೆ ಆಶಾಕಿರಣ’ ಎಂಬ ತಲೆಬರಹದೊಂದಿಗೆ. ಅವಳು ಬೇಡವೆಂದಿದ್ದಳು. ಯಾರೂ ಕೇಳಿರಲಿಲ್ಲ.

ಇವತ್ತು ಅವಳು ಮಲಕಾರಿಯನ್ನು ನೋಡಲೆಂದೇ ಮುಗಳಖೋಡಕ್ಕೆ ಹೋಗಿದ್ದಳು. ಮನೆಗೆ ಬೀಗ. ‘ಗಂಡನ್ನ ಕರ್ಕೊಂಡು ಅಥಣಿಗೆ ಹೋಗ್ಯಾಳ್ರಿ ತಾರವ್ವ. ಅಲ್ಲಿ ನರಾ ಚಿಗರಸ್ತಾರಂತ,’ ಎಂದಿದ್ದಳು ಪಕ್ಕದ ಮನೆಯವಳು.

ಒಳಗೆ ಕಾಲಿಟ್ಟೊಡನೆ ಫಿನೈಲು, ಹಳೆಯ ಯೂರಿಯಾ, ಮೂತ್ರ ಎಲ್ಲ ಕಲಸಿದ ನಾತ ಮೂಗಿಗೆ ಬಡಿಯಿತು. ಗೋಡೆಗುಂಟ ಮಂಚಗಳು. ಕೊರಳು ನಿಲ್ಲದವರು, ಬಾಯಿ ಮುಚ್ಚಲಾಗದವರು ಮಲಗಿದ್ದರು. ಒಬ್ಬ ಕೆಲಸದವನು ಒಂದೇ ಒದ್ದೆ ಟವೆಲ್ಲಿನಿಂದ ಒಬ್ಬರ ಜೊಲ್ಲು ಒರೆಸಿ, ಅದರಲ್ಲೇ ಮುಂದಿನವರ ಬಾಯಿ ಒರೆಸುತ್ತ ಹೋಗುತ್ತಿದ್ದ. ಟವೆಲ್ಲಿನ ಮೇಲೆ ನೊಣಗಳು ಮುತ್ತಿದ್ದವು. 

ಗೋದಾಮಿನ ಕೊನೆಯಲ್ಲಿ ವಿಡಿಯೊ ತೆಗೆಯುತ್ತಿದ್ದರು. ಮಲಕಾರಿಯನ್ನು ಕುರ್ಚಿಯಲ್ಲಿ ಕೂಡಿಸಿ, ಕೊರಳವರೆಗೆ ಕಂಬಳಿ ಹೊದಿಸಿದ್ದರು. ಅವನ ಹಿಂದೆ ಕುಕ್ಕರುಗಾಲಲ್ಲಿ ಕೂತ ಒಬ್ಬ ನಡುವಯಸ್ಸಿನವ ಕಂಬಳಿಯೊಳಗೆ ಕೈ ತೂರಿಸಿ ಮಲಕಾರಿಯ ಮೊಣಕೈ ಹಿಡಿದಿದ್ದ.

‘ಹೂಂ, ಎತ್ತೋ ಜಕ್ಕಪ್ಪ,’ ಎಂದ ಮೊಬೈಲು ಹಿಡಿದವನು.

ಮಲಕಾರಿಯ ಸೊರಗಿದ ಕೈ ಮೇಲೆದ್ದಿತು. ಅವನ ಬಾಯಿಂದ ನಗು ಹೊರಬಿತ್ತು. ಹೋ ಹೋ ಎಂದು ನಿಲ್ಲದ ನಗು. ಕಣ್ಣಲ್ಲಿ ಮಾತ್ರ ನೀರು.

‘ನೋಡ್ರಿ ಮಂದಿ, ಎಷ್ಟ ಖುಷಿ ಆಗ್ಯಾರ ಕಾಕಾ! ಬಂದಾಗ ಇವರಿಗೆ ಕೈ ಎತ್ತಾಕ ಬರ್ತಿದ್ದಿಲ್ಲ!’

ಆ ದನಿ ರೂಪಾಲಿಗೆ ಪರಿಚಿತ. ಅವನು ವಿಕ್ರಾಂತ, ಅವಳ ಚಿಕ್ಕಪ್ಪನ ಮಗ. ಔಷಧಶಾಸ್ತ್ರದ ಓದನ್ನು ಅರ್ಧಕ್ಕೆ ಬಿಟ್ಟವನು ಏನೋ ದವಾಖಾನೆ ನಡೆಸುತ್ತಾನೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಆ ದವಾಖಾನೆ ಇದೇ ಎಂದು ಅವಳಿಗೆ ಗೊತ್ತಿರಲಿಲ್ಲ.

‘ಅದು ಖುಷಿ ಅಲ್ಲಲೇ,’ ಎಂದಳು ರೂಪಾಲಿ. ‘ನಗು ತಡಿಯೋ ನರಾನೂ ಕೆಟ್ಟಾವ. ಅಂವಾ ಅಳಾಕತ್ತಾನ.’

ವಿಕ್ರಾಂತ ತಿರುಗಿ ನೋಡಿ ಹಲ್ಲು ಬಿಟ್ಟ. ‘ಅರೇ, ಅಕ್ಕಾ! ಬಾ ಬಾ. ಏ, ಚಾ ತರ್ರಿ! ಇವರು ನಮ್ಮ ಅಕ್ಕಾರ್ರಿ, ಪುಣೇದಾಗ ದೊಡ್ಡ ಸೈಂಟಿಸ್ಟ್. ಹೊರಗಿನ ಫೋಟೋ ಇವರದ!’

ಮಂಚದ ಮೇಲಿನವರ, ಅವರ ಮನೆಯವರ ಕಣ್ಣೆಲ್ಲ ಅವಳತ್ತ ಹೊರಳಿದವು. ಒಬ್ಬಾಕೆ ಕೈ ಮುಗಿದಳು. ಮೈಮೇಲೆ ಯಾರೋ ಆ ಟವೆಲ್ಲನ್ನೇ ಹೊದಿಸಿದಂತಾಯಿತು ರೂಪಾಲಿಗೆ.

‘ಏನ್ ಚುಚ್ಚಾಕತ್ತೀ ಇವರಿಗೆ?’

‘ಅದೆಲ್ಲಾ ನಮ್ಮ ಫಾರ್ಮುಲಾ,’ ವಿಕ್ರಾಂತ ದನಿ ತಗ್ಗಿಸಿದ. ‘ಬಿ ಕಾಂಪ್ಲೆಕ್ಸ್ ಐತಿ ಅಕ್ಕಾ, ಯಾರೂ ಸಾಯೂದಿಲ್ಲ ಬಿಡು. ನಿಮ್ಮಂಥವರು ಔಷಧ ಇಲ್ಲಂತ ಹೇಳಿ ಮನಿಗೆ ಕಳಸ್ತೀರಿ. ನಾ ಧೈರ್ಯ ಕೊಡ್ತೀನಿ. ಇದರಾಗ ತಪ್ಪೇನೈತಿ?’

‘ಥೂ,’ ಎಂದಳು ರೂಪಾಲಿ. ಅವನ ಮೇಲೆ ಅದಕ್ಕಿಂತ ಹೆಚ್ಚಿನ ಮಾತು ದಂಡವೆನಿಸಿತು ಅವಳಿಗೆ.

ಅವಳು ಮಲಕಾರಿಯ ಕುರ್ಚಿಯ ಬದಿಗೆ ಕೂತಿದ್ದ ಅವನ ಹೆಂಡತಿ ತಾರವ್ವನ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಮಲಕಾರಿಗೂ ಕೇಳುವಂತೆ ಹೇಳಿದಳು: ‘ತಾರವ್ವಾ, ಹೊರಗಿನ ಫೋಟೋ ಬ್ಯಾರೆ ಯಾರದೂ ಅಲ್ಲ. ಮಲಕಾರಿ ಅಣ್ಣಾರ ರಕ್ತದಿಂದ ನಾ ಬೆಳಸಿದ್ದು. ಇಲ್ಲಿ ಚಿಗುರಿದ್ದಲ್ಲ. ಆಮ್ಯಾಲೆ ಅವೆಲ್ಲಾ ಸತ್ತು ಹೋದುವು. ಯಾಕ ಸತ್ತುವಂತ ತಿಳಕೊಳ್ಳಾಕ ನಾವು ಕೆಲಸ ಮಾಡಾಕತ್ತೀವಿ. ಉಳಿಸೂದು ನಮಗ ಇನ್ನೂ ಬಂದಿಲ್ಲ.’

ತಾರವ್ವ ಬಾಗಿಲ ಕಡೆ ತಿರುಗಿ ನೋಡಿದಳು. ‘ಅಂದ್ರ ಇವರದ ನರದ ಫೋಟೋ ಇವರಿಗೇ ತೋರ್ಸಿ ಕುಂದ್ರಿಸ್ಯಾರೇನ್ರಿ ಬಾಯಾರ?’

‘ಹೌದವ್ವಾ.’

ತಾರವ್ವ ಎದ್ದಳು. ಜಕ್ಕಪ್ಪನ ಕೈಯನ್ನು ಕಂಬಳಿಯಿಂದ ಕಿತ್ತೆಸೆದಳು. ‘ಹೇಸಿ ಮಂದಿ! ಸತ್ತ ಕುರಿ ಚರ್ಮಾ ಸುಲಿಯೂದ ನೋಡೀನಿ. ಜೀಂವ ಇದ್ದಾಗ ಸುಲಿಯೂದು ಇಲ್ಲೇ ನೋಡಿದೆ.’ ಗಂಡನ ಬಾಯಿಯನ್ನು ತನ್ನ ಸೆರಗಿನಿಂದ ಒರೆಸಿದಳು.

ಮಲಕಾರಿಯನ್ನು ಎತ್ತಿ ಕಾರಿಗೆ ಒಯ್ಯುವಾಗ, ಮಂಚವೊಂದರ ಬದಿಯಲ್ಲಿದ್ದ ತವನಪ್ಪ ಎಂಬ ಮುದುಕ ದಾರಿಗೆ ಅಡ್ಡ ನಿಂತ. ಮಂಚದ ಮೇಲೆ ಅವನ ಮಗಳು.

‘ನಿಮ್ಮ ಹಂತ್ಯಾಕ ಇದಕ್ಕ ಔಷಧ ಐತೇನ್ರಿ?’

‘ರೋಗ ನಿಲ್ಲಸೂ ಔಷಧ ಇಲ್ರಿ. ನುಂಗಾಕ, ಉಸಿರಾಡಾಕ ಆಸರ ಮಾಡಬಹುದು.’

‘ಹಂಗಾರ ನಿಮ್ಮವರನ್ನ ನೀವು ಕರ್ಕೊಂಡು ಹೋಗ್ರಿ. ನಮ್ಮನ್ನ ಇಲ್ಲೇ ಬಿಡ್ರಿ.’

ಆ ಕೊಳಕು ಟವೆಲ್ಲಿನವನನ್ನು ಅವನೇ ಕೈಮಾಡಿ ಕರೆದು, ಮಗಳ ಬಾಯಿ ತೋರಿಸಿದ. ರೂಪಾಲಿ ನೋಡಲಾರದೆ ಹೊರಗೆ ಬಂದಳು.

ಅವಳು ಆರೋಗ್ಯ ಇಲಾಖೆಗೆ ದೂರು ಕೊಟ್ಟಳು. ಸಂಸ್ಥೆಯ ಮುಖ್ಯಸ್ಥರಿಗೂ ಫೋನು ಮಾಡಿದಳು. ಅವರು ಕೇಳಿದ ಮೊದಲ ಪ್ರಶ್ನೆ, ‘ಫ್ಲೆಕ್ಸಿನಲ್ಲಿ ನಮ್ಮ ಹೆಸರಿಲ್ಲ ತಾನೆ?’ ಇಲ್ಲವೆಂದಾಗ ಅವರು ನಿರಾಳವಾಗಿ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ‘ಹಾಗಾದರೆ ಬಿಟ್ಟುಬಿಡಿ.’ ಆ ಉಸಿರಿನಲ್ಲೂ ಗೋದಾಮಿನ ನಾತವೇ ಇದ್ದಂತೆನಿಸಿತು ಅವಳಿಗೆ.

ಗೋದಾಮಿಗೆ ಬೀಗ ಬಿತ್ತು. ವಿಕ್ರಾಂತ ತಿಂಗಳೊಪ್ಪತ್ತಿನಲ್ಲಿ ಗಡಿಯಾಚೆ ಬೇರೆ ಹೆಸರಿನಲ್ಲಿ, ಮರಾಠಿ ಫ್ಲೆಕ್ಸ್ ಕಟ್ಟಿ, ಮತ್ತೆ ಶುರುಮಾಡಿದ.

ಮಲಕಾರಿ ಶ್ರಾವಣದವರೆಗೆ ಬದುಕಿದ. ಗಟ್ಟಿ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ನುಂಗಿಸುವುದನ್ನು, ಉಸಿರಿನ ಯಂತ್ರದ ಮಾಸ್ಕು ಕಟ್ಟುವುದನ್ನು ತಾರವ್ವ ಕಲಿತಳು. ತನ್ನ ಮನೆಯಲ್ಲಿ, ಸ್ವಚ್ಛ ಹಾಸಿಗೆಯಲ್ಲಿ, ಹಗಲು ನಿದ್ದೆಯಲ್ಲೇ ಅವನು ತೀರಿಕೊಂಡ.

ದೀಪಾವಳಿಗೆ ರೂಪಾಲಿ ಕಾಗವಾಡಕ್ಕೆ ಬಂದಾಗ ಊಟದ ಪಂಕ್ತಿಯಲ್ಲಿ ಎದುರಿಗೇ ವಿಕ್ರಾಂತ ಕೂತಿದ್ದ. ಹೊಸ ಅಂಗಿ, ಅಂಗೈ ತುಂಬ ತುಪ್ಪ. ಬಾಬಾಸಾಹೇಬರು ಅವನ ಎಲೆಗೆ ತಾವೇ ಹೋಳಿಗೆ ಬಡಿಸಿದರು.

‘ಆ ಕುರಬರ ಕಾಕಾ ತೀರಿಕೊಂಡನಂತಲ್ಲಕ್ಕಾ? ನಮ್ಮ ಕಡೀನ ಇದ್ದಿದ್ರ ಇನ್ನೊಂದ್ ವರ್ಷ ಜಗ್ತಿದ್ದ,’ ಎಂದ, ತಿನ್ನುತ್ತಲೇ.

ರೂಪಾಲಿ ಬಾಯಲ್ಲಿದ್ದ ತುತ್ತು ನುಂಗಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಉಗುಳಿ ಬಂದಳು.

‘ಹಬ್ಬದಾಗ ಇದೇನವಾ? ಮನಿ ಮಗಾ ಅಂವಾ,’ ಎಂದರು ಬಾಬಾಸಾಹೇಬರು.

‘ನಿಮ್ಮ ಮಗಾ ಆಗಿರ್ಲಿ ಅಪ್ಪಾ. ಅಂವಾ ಇದ್ದಲ್ಲಿ ನನಗ ಅನ್ನ ಇಳಿಯೂದಿಲ್ಲ.’

ಅವಳು ಅಲ್ಲಿಂದಲೇ ಮುಗಳಖೋಡಕ್ಕೆ ಹೊರಟಳು. ಅಪ್ಪನ ರೋಗ ತನಗೂ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕೆಂದು ಮಲಕಾರಿಯ ಮಗ ಮಾಳೇಶ ಹೇಳಿ ಕಳಿಸಿದ್ದ. ಮೂವತ್ತು ದಾಟಿದ ಅವನು ಕುರಿ ಹಟ್ಟಿಯ ಮುಂದೆ ಕಾಯುತ್ತ ನಿಂತಿದ್ದ.

‘ಕೂಡ್ರಿ ಬಾಯಾರ,’ ಎಂದು ಕಂಬಳಿ ಹಾಸಿದ. ‘ಮೊದಲ ಒಂದ್ ಮಾತು. ಐತಿ ಅಂದ್ರ ಐತಿ ಅನ್ರಿ. ಸವಿ ಮಾಡಿ ಹೇಳಬ್ಯಾಡ್ರಿ.’

‘ಇಲ್ಲ,’ ಎಂದಳು ರೂಪಾಲಿ. ‘ಸವಿ ಮಾಡಿ ಹೇಳೂದಿಲ್ಲ.’

ಅವನು ಅಂಗಿಯ ತೋಳು ಮಡಚಿದ.